ಕತ್ತಲು ಜಾಸ್ತಿ ಆದರೆ ಭಯ ಜಾಸ್ತಿ ಆಗುತ್ತಾ?

ಪ್ರಶ್ನೆ: ನಾವು ಗೆಳೆಯರು ಸೇರಿ ಮಲೆನಾಡಿನ ಒಂದು ಹಳೆ ಹೆಂಚಿನ ಮನೆಯಲ್ಲಿ ಕಿರುಚಿತ್ರ ಮಾಡಿದ್ದೇವೆ. ಹತ್ತು ವರ್ಷದ ಹುಡುಗಿ ಅಜ್ಜಿ ಮನೆಯ ಅಟ್ಟ ಹತ್ತುತ್ತಾಳೆ. ಅಲ್ಲೊಂದು ಪೆಟ್ಟಿಗೆ, ಅದನ್ನು ಕಾಯುತ್ತಾ ಕೂತ ಒಬ್ಬಳು ಯಕ್ಷಿ. ಭಯ ಬರಲಿ ಅಂತ ಇಡೀ ದೃಶ್ಯವನ್ನು ಕತ್ತಲಲ್ಲಿ ತೆಗೆದೆವು, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿದೆವು. ಕೊನೆಗೆ ಯಕ್ಷಿ ಧುತ್ತೆಂದು ಎದುರು ಬರುತ್ತಾಳೆ. ಆದರೆ ನೋಡಿದವರೆಲ್ಲ ‘ಏನೂ ಕಾಣಿಸಲೇ ಇಲ್ಲ’ ಅಂದರು. ದೊಡ್ಡ ಫ್ಯಾಂಟಸಿ ಸಿನಿಮಾಗಳಲ್ಲಿ ಬರೀ ಕ್ಯಾಮೆರಾ, ಬೆಳಕಿನಿಂದಲೇ ಉಸಿರು ಬಿಗಿ ಹಿಡಿಯೋ ಹಾಗೆ ಹೇಗೆ ಮಾಡುತ್ತಾರೆ? ನಮ್ಮ ದೃಶ್ಯವನ್ನು ಮತ್ತೆ ತೆಗೆಯುವುದಾದರೆ ಏನು ಬದಲಾಯಿಸಬೇಕು?

ಉತ್ತರ: ನೋಡಿದವರು ಹೇಳಿದ್ದನ್ನು ಹಾಗೇ ನಂಬಿ. ಏನೂ ಕಾಣದಿದ್ದಾಗ ನೋಡುಗ ಹೆದರುವುದಿಲ್ಲ. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡುತ್ತಾನೆ, ಆಮೇಲೆ ಕೈ ಫೋನಿನ ಕಡೆ ಹೋಗುತ್ತದೆ. ಅವನು ಹೆದರಬೇಕಾದರೆ ಅಪಾಯ ಎಲ್ಲಿ ಕೂತಿದೆ, ಹುಡುಗಿ ಎಲ್ಲಿ ನಿಂತಿದ್ದಾಳೆ, ಇಬ್ಬರ ಮಧ್ಯೆ ಎಷ್ಟು ಜಾಗ ಉಳಿದಿದೆ ಅನ್ನುವುದು ಅವನಿಗೆ ಗೊತ್ತಿರಬೇಕು. ಆ ಜಾಗ ಕಡಿಮೆಯಾಗುತ್ತಾ ಬಂದಾಗ ಎದೆ ಹೊಡೆದುಕೊಳ್ಳುತ್ತದೆ. ಸಸ್ಪೆನ್ಸ್ ದೃಶ್ಯದಲ್ಲಿ ಕ್ಯಾಮೆರಾ ಮತ್ತು ಬೆಳಕು ಮಾಡಬೇಕಾದ ಮುಖ್ಯ ಕೆಲಸ ಆ ಜಾಗವನ್ನು ಕಾಣಿಸುವುದು. ಮುಚ್ಚಿಡುವುದು ಎರಡನೇ ಮಾತು.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಸ್ಪ್ಯಾನಿಷ್ ಭಾಷೆಯ ‘ಪ್ಯಾನ್ಸ್ ಲ್ಯಾಬಿರಿಂತ್’ ಚಿತ್ರದ ಊಟದ ಮೇಜಿನ ದೃಶ್ಯ. ಚಿತ್ರ ಬಂದದ್ದು 2006ರಲ್ಲಿ. ನಿರ್ದೇಶಕ ಮೆಕ್ಸಿಕೊದ ಗಿಲೆರ್ಮೊ ಡೆಲ್ ಟೊರೊ. ಛಾಯಾಗ್ರಾಹಕ ಗಿಲೆರ್ಮೊ ನವಾರೊ, ಈ ಕೆಲಸಕ್ಕೆ ಅವರಿಗೆ ಆಸ್ಕರ್ ಬಂತು. ಕಥೆ 1944ರ ಸ್ಪೇನಿನದು, ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಕಾಲ. ಒಫೆಲಿಯಾ ಅನ್ನುವ ಹುಡುಗಿ ತಾಯಿಯ ಜೊತೆ ಮಲತಂದೆ ಕ್ಯಾಪ್ಟನ್ ವಿದಾಲ್‌ನ ಠಾಣೆಗೆ ಬರುತ್ತಾಳೆ. ಆತ ಮಹಾ ಕ್ರೂರಿ. ಅಲ್ಲಿನ ಹಳೆ ಚಕ್ರವ್ಯೂಹದಲ್ಲಿ ಮೇಕೆ ಕಾಲಿನ ಒಂದು ಜೀವಿ ಅವಳಿಗೆ ಮೂರು ಪರೀಕ್ಷೆ ಒಡ್ಡುತ್ತದೆ. ನಾವು ನೋಡಬೇಕಾದ್ದು ಎರಡನೆಯದು.

ಹುಡುಗಿ ಗೋಡೆ ಮೇಲೆ ಸೀಮೆಸುಣ್ಣದಿಂದ ಬಾಗಿಲು ಬರೆಯುತ್ತಾಳೆ. ಅದು ತೆರೆದುಕೊಳ್ಳುತ್ತದೆ. ಮರಳು ಗಡಿಯಾರದ ಮರಳು ಸುರಿದು ಮುಗಿಯುವಷ್ಟರಲ್ಲಿ ವಾಪಸ್ ಬರಬೇಕು. ಒಳಗೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಈ ಎರಡು ಷರತ್ತು ಅವಳಿಗಷ್ಟೇ ಅಲ್ಲ, ನಮಗೂ ಮೊದಲೇ ತಿಳಿದಿರುತ್ತದೆ. ಅವಳು ಕುರ್ಚಿ ಇಟ್ಟು ಕೆಳಗೆ ಇಳಿಯುತ್ತಾಳೆ. ಉದ್ದದ ಕೆಂಪು ಓಣಿ ದಾಟಿದರೆ ಒಂದು ಹಜಾರ. ಅಲ್ಲಿ ಉದ್ದನೆಯ ಮೇಜು, ಮೇಜಿನ ತುಂಬ ಹಣ್ಣು, ತಿಂಡಿ, ಮಾಂಸ. ಮೇಜಿನ ತುದಿಯಲ್ಲಿ, ಉರಿಯುವ ಅಗ್ಗಿಷ್ಟಿಕೆಗೆ ಬೆನ್ನು ಹಾಕಿ ಒಬ್ಬ ರಾಕ್ಷಸ ಕೂತಿದ್ದಾನೆ. ಬಿಳಿಚಿದ ಮೈ, ಜೋತುಬಿದ್ದ ಚರ್ಮ. ಮುಖದಲ್ಲಿ ಕಣ್ಣಿಲ್ಲ. ಎರಡೂ ಕಣ್ಣುಗುಡ್ಡೆ ಎದುರಿನ ತಟ್ಟೆಯಲ್ಲಿವೆ. ಅವನು ಅಲ್ಲಾಡುವುದಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ರಾಕ್ಷಸ ಮೊದಲ ನೋಟದಲ್ಲೇ ಪೂರ್ತಿ ಕಾಣುತ್ತಾನೆ. ಮೂಲೆಯ ನೆರಳಿನಲ್ಲಿ ಇಲ್ಲ, ಕಂಬದ ಹಿಂದೆ ಇಲ್ಲ. ಹಜಾರದಲ್ಲಿ ಬೆಳಕು ಚೆನ್ನಾಗಿಯೇ ಇದೆ, ಅದೂ ಬೆಂಕಿಯ ಬೆಚ್ಚಗಿನ ಬಣ್ಣದ ಬೆಳಕು. ಕೆಂಪು ಗೋಡೆಯ ಎದುರು ಆ ಬಿಳಿಚಿದ ಮೈ ಕತ್ತರಿಸಿ ಇಟ್ಟ ಹಾಗೆ ಎದ್ದು ಕಾಣುತ್ತದೆ. ಅವನು ಎಲ್ಲಿದ್ದಾನೆ ಅನ್ನುವ ಪ್ರಶ್ನೆಯೇ ಇಲ್ಲ. ಯಾವಾಗ ಏಳುತ್ತಾನೆ ಅನ್ನುವುದೊಂದೇ ಪ್ರಶ್ನೆ. ನಿಮ್ಮ ಅಟ್ಟದಲ್ಲಿ ನೋಡುಗನಿಗೆ ಈ ಪ್ರಶ್ನೆ ಹುಟ್ಟಲು ಅವಕಾಶವೇ ಸಿಗಲಿಲ್ಲ. ಯಕ್ಷಿ ಇದ್ದಾಳೆ ಅಂತ ಅವನಿಗೆ ಗೊತ್ತಾಗುವುದೇ ಕೊನೆಯ ಶಾಟ್‌ನಲ್ಲಿ. ಅಷ್ಟು ಹೊತ್ತಿಗೆ ದೃಶ್ಯ ಮುಗಿದಿರುತ್ತದೆ.

ಮುಂದೆ ಕ್ಯಾಮೆರಾ ಏನು ಮಾಡುತ್ತದೆ ನೋಡಿ. ಒಫೆಲಿಯಾ ತಲೆ ಎತ್ತುತ್ತಾಳೆ. ಚಾವಣಿಯ ಮೇಲೆ ಚಿತ್ರಗಳಿವೆ, ಇದೇ ಬಿಳಿಚಿದ ಜೀವಿ ಮಕ್ಕಳನ್ನು ಹಿಡಿದು ತಿನ್ನುತ್ತಿರುವ ಚಿತ್ರಗಳು. ಆಮೇಲೆ ಒಂದು ಕಡೆ ರಾಶಿ ಬಿದ್ದ ಪುಟ್ಟ ಪುಟ್ಟ ಚಪ್ಪಲಿ, ಬೂಟು. ಒಂದೂ ಮಾತಿಲ್ಲ. ಎರಡು ನೋಟದಲ್ಲಿ ಈ ಮನೆಯ ಇತಿಹಾಸ ಪೂರ್ತಿ ಹೇಳಿಯಾಯಿತು. ಈಗ ನಮಗೆ ಜಾಗ ಗೊತ್ತು, ಅಪಾಯ ಗೊತ್ತು, ನಿಯಮ ಗೊತ್ತು, ಅತ್ತ ಮರಳು ಸುರಿಯುತ್ತಿರುವುದೂ ಗೊತ್ತು. ಆಗ ಅವಳು ಮೇಜಿನ ಮೇಲಿನ ದ್ರಾಕ್ಷಿಗೆ ಕೈ ಹಾಕುತ್ತಾಳೆ.

ಈ ದ್ರಾಕ್ಷಿಯ ಭಾಗವನ್ನು ನೀವು ನಾಲ್ಕೈದು ಸಲ ನೋಡಬೇಕು. ಅವಳ ಜೊತೆ ಬಂದ ಕಿನ್ನರಿಯರು ಬೇಡ ಬೇಡ ಅಂತ ತಡೆಯುತ್ತಾರೆ. ಅವಳು ಕೇಳುವುದಿಲ್ಲ. ಒಂದು ದ್ರಾಕ್ಷಿ ಬಾಯಿಗೆ ಹೋಗುತ್ತದೆ. ಇತ್ತ ಮೇಜಿನ ತುದಿಯಲ್ಲಿ ಉಗುರು ಕಪ್ಪಾದ ಬೆರಳು ಮಿಸುಕುತ್ತದೆ. ಅವಳ ಬೆನ್ನು ಅವನ ಕಡೆಗಿದೆ. ಅವನು ಕಣ್ಣುಗುಡ್ಡೆ ಎತ್ತಿ ಅಂಗೈಯ ಕಂಡಿಗೆ ತುರುಕಿಕೊಳ್ಳುತ್ತಾನೆ. ಎರಡೂ ಅಂಗೈಯನ್ನು ಮುಖದ ಎದುರು ಅಗಲಿಸಿ ಹಿಡಿದು ನೋಡುತ್ತಾನೆ. ಅವಳು ಇನ್ನೊಂದು ದ್ರಾಕ್ಷಿ ಕೀಳುತ್ತಾಳೆ. ಆ ಹೊತ್ತಿಗೆ ನೋಡುಗ ಕುರ್ಚಿಯ ಕೈ ಹಿಡಿದಿರುತ್ತಾನೆ. ಹಿಂದೆ ನಡೆಯುತ್ತಿರುವುದೆಲ್ಲ ಅವನಿಗೆ ಕಾಣುತ್ತಿದೆ, ಅವಳಿಗೆ ಕಾಣುತ್ತಿಲ್ಲ. ಬೆಳಕು ಇಲ್ಲದಿದ್ದರೆ ಇದು ಸಾಧ್ಯವೇ ಇಲ್ಲ, ಅಲ್ವಾ?

ಆ ಪಾತ್ರ ಮಾಡಿದ ಡಗ್ ಜೋನ್ಸ್‌ಗೆ ಮುಖವಾಡದೊಳಗಿಂದ ಮೂಗಿನ ಹೊಳ್ಳೆಯ ಕಿಂಡಿಯಲ್ಲಷ್ಟೇ ಹೊರಗೆ ಕಾಣುತ್ತಿತ್ತು. ಅವರ ತಡವರಿಸುವ ನಡಿಗೆ ಎಷ್ಟು ಸಹಜವಾಗಿ ಬಂದಿದೆ ನೋಡಿ. ಅವನು ಓಡುವುದಿಲ್ಲ, ತೂರಾಡುತ್ತಾ ಬರುತ್ತಾನೆ. ಹಾಗೆ ನಿಧಾನವಾಗಿ ಬರುವುದರಿಂದಲೇ ನಮಗೆ ದೂರ ಲೆಕ್ಕ ಹಾಕಲು ಸಮಯ ಸಿಗುತ್ತದೆ. ಇನ್ನು ಎಷ್ಟು ಹೆಜ್ಜೆ? ಬಾಗಿಲು ಎಲ್ಲಿ? ಮರಳು ಎಷ್ಟಿದೆ? ಅವಳು ತಲುಪುವಷ್ಟರಲ್ಲಿ ಬಾಗಿಲು ಮುಚ್ಚಿಹೋಗುತ್ತದೆ. ಕುರ್ಚಿ ಹತ್ತಿ ಚಾವಣಿಯಲ್ಲಿ ಹೊಸ ಬಾಗಿಲು ಬರೆಯಬೇಕು. ಆ ಕುರ್ಚಿ ಎಲ್ಲಿತ್ತು ಅಂತ ನಮಗೆ ನೆನಪಿದೆ, ಯಾಕೆಂದರೆ ಅವಳು ಇಳಿಯುವಾಗ ಅದನ್ನು ನಮಗೆ ಬಿಡಿಸಿ ತೋರಿಸಿದ್ದರು.

ಬೆಳಕಿನಲ್ಲಿ ಇನ್ನೊಂದು ವಿಷಯ ಇದೆ, ಮೊದಲ ಸಲ ನೋಡಿದಾಗ ಗಮನಕ್ಕೆ ಬರುವುದು ಕಷ್ಟ. ಈ ಚಿತ್ರದಲ್ಲಿ ಡೆಲ್ ಟೊರೊ ಮತ್ತು ನವಾರೊ ಎರಡು ಲೋಕಕ್ಕೆ ಎರಡು ಬಣ್ಣ ಇಟ್ಟಿದ್ದಾರೆ. ಕ್ಯಾಪ್ಟನ್ನನ ನಿಜ ಲೋಕ ತಣ್ಣನೆಯ ನೀಲಿ, ಹಸಿರು. ಮಾಯಾಲೋಕ ಹೊಂಬಣ್ಣ, ಕೆಂಪು. ಸಾಮಾನ್ಯವಾಗಿ ಬೆಚ್ಚಗಿನ ಬಣ್ಣ ಕಂಡರೆ ಮನಸ್ಸು ಸಡಿಲವಾಗುತ್ತದೆ. ಮನೆಯ ದೀಪ, ಒಲೆಯ ಉರಿ ನೆನಪಾಗುತ್ತದೆ. ಆ ಸಡಿಲಿಕೆಯನ್ನೇ ಈ ಹಜಾರ ಬಳಸಿಕೊಳ್ಳುತ್ತದೆ. ಹಸಿದ ಹುಡುಗಿ ಮೇಜಿನ ಹತ್ತಿರ ಯಾಕೆ ಹೋದಳು ಅಂತ ಯಾರೂ ಕೇಳುವುದಿಲ್ಲ, ಬೆಳಕೇ ಅವಳನ್ನು ಕರೆದಿದೆ. ಜೊತೆಗೆ, ಇದೇ ಚಿತ್ರದಲ್ಲಿ ಕ್ಯಾಪ್ಟನ್ ಕೂಡ ಅತಿಥಿಗಳನ್ನು ಕರೆದು ಉದ್ದ ಮೇಜಿನ ತುದಿಯಲ್ಲಿ, ಅಗ್ಗಿಷ್ಟಿಕೆಗೆ ಬೆನ್ನು ಹಾಕಿ ಕೂರುತ್ತಾನೆ. ಎರಡೂ ಚೌಕಟ್ಟು ಒಂದೇ ಥರ. ಮಕ್ಕಳನ್ನು ತಿನ್ನುವವನು ಯಾರು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಮೆರಾ ಇಟ್ಟ ಜಾಗವೇ ಹೇಳುತ್ತದೆ. ನನ್ನ ಮಟ್ಟಿಗೆ ಫ್ಯಾಂಟಸಿ ಛಾಯಾಗ್ರಹಣ ಮುಟ್ಟಬಹುದಾದ ಎತ್ತರ ಇದು.

ಈಗ ಕ್ಯಾಮೆರಾ ಚಲನೆ. ನವಾರೊ ಅವರ ಕ್ಯಾಮೆರಾ ಚಿತ್ರದುದ್ದಕ್ಕೂ ಮೆಲ್ಲಗೆ ತೇಲುತ್ತಿರುತ್ತದೆ. ಮರದ ಹಿಂದೆ, ಕಂಬದ ಹಿಂದೆ ಸರಿದು ಇನ್ನೊಂದು ಜಾಗದಲ್ಲಿ ಹೊರಬರುತ್ತದೆ. ಅದು ನಡುಗುವುದಿಲ್ಲ. ನೀವು ಕ್ಯಾಮೆರಾ ಅಲುಗಾಡಿಸಿದ್ದು ಗಾಬರಿ ತೋರಿಸಲು ಅಂತ ಗೊತ್ತು. ಗಾಬರಿಗೆ ಅದು ಸರಿ, ಅಂದರೆ ಅಪಾಯ ಮೈಮೇಲೆ ಬಿದ್ದ ಮೇಲೆ ಸರಿ. ಅದಕ್ಕೆ ಮೊದಲೇ ಅಲುಗಾಡಿಸಿದರೆ ನೋಡುಗನ ಕೈಯಿಂದ ಅಳತೆಗೋಲು ಕಿತ್ತುಕೊಂಡ ಹಾಗೆ. ಗೋಡೆ ಎಲ್ಲಿ, ಪೆಟ್ಟಿಗೆ ಎಲ್ಲಿ ಅಂತ ಅವನು ಹಿಡಿದುಕೊಳ್ಳುವ ಮುಂಚೆಯೇ ಚಿತ್ರ ಜಾರಿಹೋಗುತ್ತದೆ. ಕಾಯುವಾಗ ಕ್ಯಾಮೆರಾ ನೆಟ್ಟಗಿರಲಿ, ಅಥವಾ ಚಲಿಸುತ್ತಿದೆ ಅಂತ ಗೊತ್ತೇ ಆಗದಷ್ಟು ನಿಧಾನವಾಗಿ ಮುಂದೆ ಹೋಗಲಿ. ಟ್ರ್ಯಾಕ್, ಟ್ರಾಲಿ ಇಲ್ಲದಿದ್ದರೆ ಚಿಂತೆ ಬೇಡ. ನೆಲದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಟ್ರೈಪಾಡ್ ಇಟ್ಟು, ಕಂಬಳಿಯನ್ನು ಮೆಲ್ಲಗೆ ಎಳೆದರೂ ಆಗುತ್ತದೆ. ಸಾಣೆ ಹಿಡಿದ ಹಾಗಿರುವ ನೆಲ ಬೇಕು, ಅಷ್ಟೇ. ಅಟ್ಟದ ಹಲಗೆ ನೆಲ ಒರಟಾಗಿದ್ದರೆ ಈ ಉಪಾಯ ಬಿಟ್ಟುಬಿಡಿ, ಕ್ಯಾಮೆರಾ ನೆಟ್ಟಗೇ ಇರಲಿ.

ಹಗಲು ಬೆಳಕಿನಲ್ಲೂ ಇದೆಲ್ಲ ಆಗುತ್ತಾ ಅಂತ ನಿಮಗೆ ಅನುಮಾನ ಇದ್ದರೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಮೊದಲ ಭಾಗದ ಕಾಡುದಾರಿಯ ದೃಶ್ಯ ನೋಡಿ. 2001ರ ಚಿತ್ರ, ನಿರ್ದೇಶನ ಪೀಟರ್ ಜಾಕ್ಸನ್, ಛಾಯಾಗ್ರಹಣ ಆಂಡ್ರ್ಯೂ ಲೆಸ್ನಿ. ಅವರಿಗೂ ಈ ಚಿತ್ರಕ್ಕೆ ಆಸ್ಕರ್ ಬಂತು. ಈ ದೃಶ್ಯ ತೆಗೆದದ್ದು ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ನಗರದೊಳಗೇ ಇರುವ ಮೌಂಟ್ ವಿಕ್ಟೋರಿಯಾ ಗುಡ್ಡದ ಕಾಡಿನಲ್ಲಿ. 1999ರ ಅಕ್ಟೋಬರಿನಲ್ಲಿ ಇಡೀ ಸರಣಿಯ ಚಿತ್ರೀಕರಣ ಶುರುವಾದದ್ದೇ ಅಲ್ಲಿ.

ಕುಳ್ಳ ಜನಾಂಗದ ನಾಲ್ವರು ಹಾಬಿಟ್‌ಗಳು ದಾರಿಯಲ್ಲಿ ಅಣಬೆ ಕೀಳುತ್ತಾ ನಗುತ್ತಿರುತ್ತಾರೆ. ಅವರಲ್ಲಿ ಫ್ರೋಡೊ ಮಾತ್ರ ದಾರಿಯ ಉದ್ದಕ್ಕೆ ದೃಷ್ಟಿ ಹಾಯಿಸುತ್ತಾನೆ. ದಾರಿಯಲ್ಲಿ ಯಾರೂ ಇಲ್ಲ. ಆದರೆ ಮರಗಳ ಸುರಂಗವೇ ಹಿಗ್ಗಿ ಜಗ್ಗಿದ ಹಾಗೆ ಕಾಣುತ್ತದೆ, ಒಣ ಎಲೆ ಹಾರಿ ಬರುತ್ತದೆ. ಇದಕ್ಕೆ ಡಾಲಿ ಜೂಮ್ ಅನ್ನುತ್ತಾರೆ. ಕ್ಯಾಮೆರಾವನ್ನು ಹಿಂದೆ ಎಳೆಯುತ್ತಾ ಅದೇ ವೇಗದಲ್ಲಿ ಜೂಮ್ ಒಳಗೆ ಮಾಡುವುದು, ಇಲ್ಲವೇ ಇದರ ತಿರುಗುಮುರುಗು. ನಡುವಿನ ವಸ್ತುವಿನ ಗಾತ್ರ ಅಷ್ಟೇ ಇರುತ್ತದೆ, ಹಿಂದಿನ ಜಾಗ ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. 1958ರ ‘ವರ್ಟಿಗೊ’ ಚಿತ್ರದಿಂದ ಇದು ಜನಪ್ರಿಯವಾಯಿತು. ಇಲ್ಲಿ ಅದು ಮಾಡುವ ಕೆಲಸ ಇಷ್ಟು: ಖಾಲಿ ದಾರಿಯನ್ನೇ ಅಪಾಯ ಮಾಡಿಬಿಡುತ್ತದೆ. ಒಂದು ಚಿತ್ರದಲ್ಲಿ ಒಂದೇ ಸಲ ಬಳಸಬೇಕಾದ ಉಪಾಯ ಅನ್ನುವುದು ನನ್ನ ಅಭಿಪ್ರಾಯ. ಮೂರು ಸಲ ಬಳಸಿದರೆ ನೋಡುಗನಿಗೆ ಲೆನ್ಸ್ ಮಾತ್ರ ಕಾಣುತ್ತದೆ.

ಅದಕ್ಕಿಂತ ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಅವರು ದಾರಿ ಬದಿಯ ದೊಡ್ಡ ಬೇರಿನ ಕೆಳಗೆ ಅವಿತುಕೊಳ್ಳುತ್ತಾರೆ. ಅವರನ್ನು ಬೇಟೆಯಾಡುತ್ತಿರುವ ಸವಾರನ ಕರಿ ಕುದುರೆ ಬಂದು ಸರಿಯಾಗಿ ಮೇಲೆಯೇ ನಿಲ್ಲುತ್ತದೆ. ಚೌಕಟ್ಟು ಎರಡು ಅಂತಸ್ತಾಗುತ್ತದೆ. ಕೆಳಗೆ ನಾಲ್ಕು ಮುಖ, ಮೇಲೆ ಸವಾರ. ಮಧ್ಯೆ ಒಂದು ಬೇರು. ಸವಾರನ ಮುಖ ನಮಗೆ ಕಾಣುವುದೇ ಇಲ್ಲ, ಮುಸುಕಿನೊಳಗೆ ಬರೀ ಕಪ್ಪು. ಕಾಣುವುದು ಕುದುರೆಯ ಗೊರಸು, ಕಬ್ಬಿಣದ ಬೂಟು, ಬೇರನ್ನು ಹಿಡಿದ ಕೈಗವಸು. ಆಮೇಲೆ ಮಣ್ಣಿನೊಳಗಿಂದ ಹುಳ, ಶತಪದಿ, ಜೇಡ ಹೊರಬರುತ್ತವೆ, ಭೂಮಿಯೇ ಅವನನ್ನು ತಾಳಲಾರದ ಹಾಗೆ. ಊರಗಲ ಬಯಲಿನಲ್ಲಿ ನಡೆಯಬೇಕಾದ ಬೇಟೆಯನ್ನು ಒಂದು ಮೊಳದ ದಪ್ಪಕ್ಕೆ ಇಳಿಸಿಬಿಟ್ಟಿದ್ದಾರೆ. ಕೊನೆಗೆ ಅವರಲ್ಲೊಬ್ಬನಾದ ಮೆರಿ ಒಂದು ಚೀಲವನ್ನು ದೂರಕ್ಕೆ ಎಸೆದಾಗ ಸವಾರ ಆ ಕಡೆ ಹೋಗುತ್ತಾನೆ. ಅಲ್ಲಿಯವರೆಗೆ ಹೊಡೆದಾಟ ಇಲ್ಲ, ಕಿರುಚಾಟ ಇಲ್ಲ.

ಒಂದು ಚಿತ್ರದಲ್ಲಿ ರಾಕ್ಷಸ ಪೂರ್ತಿ ಕಾಣುತ್ತಾನೆ, ಇನ್ನೊಂದರಲ್ಲಿ ಮುಖ ಕಾಣುವುದೇ ಇಲ್ಲ. ಹಾಗಾದರೆ ಯಾವುದು ಸರಿ ಅಂತ ನೀವು ಕೇಳಬಹುದು. ಎರಡೂ ಸರಿ. ಮುಖ ಕಾಣದಿದ್ದರೂ ಸವಾರ ಎಲ್ಲಿದ್ದಾನೆ ಅನ್ನುವುದರಲ್ಲಿ ಒಂದು ಗೇಣೂ ಗೊಂದಲ ಇಲ್ಲ. ಮುಚ್ಚಿಟ್ಟಿರುವುದು ಅವನು ಏನು ಅನ್ನುವುದನ್ನು. ಇರುವ ಜಾಗವನ್ನಲ್ಲ. ಇದು ನಮಗೆ ಹೊಸದೂ ಅಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವುದನ್ನು ನೆನಪಿಸಿಕೊಳ್ಳಿ. ಇಬ್ಬರು ತೆರೆ ಹಿಡಿದಿರುತ್ತಾರೆ. ಮೇಲೆ ಕಿರೀಟದ ಅಂಚು ಕಾಣುತ್ತದೆ, ಕೆಳಗೆ ಕಾಲು ಕಾಣುತ್ತದೆ, ಒಳಗಿಂದ ಆರ್ಭಟ ಕೇಳುತ್ತದೆ. ಹಳೆಯ ಕಾಲದಲ್ಲಿ ದೊಂದಿಗೆ ರಾಳದ ಪುಡಿ ಎರಚಿದಾಗ ಭುಗ್ಗೆಂದು ಎದ್ದ ಉರಿಯಲ್ಲಿ ಆ ಮುಖ ಒಂದು ಕ್ಷಣ ಕಾಣುತ್ತಿತ್ತು. ರಾಕ್ಷಸ ತೆರೆಯ ಹಿಂದೆಯೇ ಇದ್ದಾನೆ ಅಂತ ಸಭೆಯ ಕೊನೆಯಲ್ಲಿ ಕೂತ ಮಗುವಿಗೂ ಗೊತ್ತು. ಅದಕ್ಕೇ ಅದು ಅಮ್ಮನ ಸೆರಗು ಹಿಡಿದುಕೊಳ್ಳುವುದು.

ಇನ್ನು ನಿಮ್ಮ ಅಟ್ಟ. ಹೆಂಚಿನ ಮನೆ ಅಂದಿದ್ದೀರಿ. ಅಂದರೆ ಮಾಡಿನಲ್ಲಿ ಒಂದೆರಡು ಗಾಜಿನ ಹೆಂಚು ಇರುತ್ತದೆ, ಇಲ್ಲದಿದ್ದರೆ ಒಂದು ಮಂಗಳೂರು ಹೆಂಚು ತೆಗೆದು ಗಾಜಿನದು ಕೂರಿಸಬಹುದು. ನಿಮಗೆ ಬೇಕಾದ ದೊಡ್ಡ ದೀಪ ಅದೇ. ರಾತ್ರಿ ತೆಗೆಯಬೇಡಿ. ಹಗಲು ತೆಗೆಯಿರಿ, ಉಳಿದ ಸಂದುಗಳನ್ನೆಲ್ಲ ಕರಿ ಬಟ್ಟೆಯಿಂದ ಮುಚ್ಚಿ. ಆ ಒಂದು ಹೆಂಚಿನಿಂದ ಬೀಳುವ ಬೆಳಕಿನ ಕೋಲು ಸರಿಯಾಗಿ ಪೆಟ್ಟಿಗೆಯ ಮೇಲೆ ಬೀಳಲಿ. ಯಕ್ಷಿ ಪೆಟ್ಟಿಗೆಯ ಹಿಂದೆ, ಬೆಳಕಿನ ಅಂಚಿನಲ್ಲಿ ಕೂರಲಿ. ಮಂಡಿ ಮತ್ತು ಕೈ ಬೆಳಕಿನಲ್ಲಿ, ಮುಖ ಹೊರಗೆ. ಬಿಸಿಲು ಆ ಹೊತ್ತಿಗೆ ಬೇರೆ ಕಡೆ ಇದ್ದರೆ ಅಂಗಳದಲ್ಲಿ ದೊಡ್ಡ ಕನ್ನಡಿ ಇಟ್ಟು ತಿರುಗಿಸಿ. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ ಅವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೊ ಒಳಗೆ ಬೀಳುವ ಆ ಪ್ರಸಿದ್ಧ ಬೆಳಕಿನ ಕೋಲನ್ನು ಹೀಗೇ ಕನ್ನಡಿಗಳಿಂದ ಬಿಸಿಲು ತಿರುಗಿಸಿ ಮಾಡಿದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಅವರ ಕೆಲಸ ನೋಡಿದರೆ ಬೆಳಕಿಗೆ ದುಡ್ಡಿಗಿಂತ ಕಣ್ಣು ಜಾಸ್ತಿ ಬೇಕು ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಬೆಳಕಿನ ಕೋಲು ಗಾಳಿಯಲ್ಲಿ ಕಾಣಬೇಕಾದರೆ ಗಾಳಿಯಲ್ಲಿ ಏನಾದರೂ ಇರಬೇಕು. ಸ್ವಲ್ಪ ಧೂಪದ ಹೊಗೆ ಸಾಕು. ಕೆಳಗಿನ ಕೋಣೆಯಲ್ಲಿ ಹಾಕಿ, ಹೊಗೆ ತಾನಾಗಿ ಮೇಲೇರಲಿ. ಅಟ್ಟದ ಮೇಲೆ ಒಣ ಅಡಿಕೆ ಸಿಪ್ಪೆ, ಹುಲ್ಲು, ಗೋಣಿ ಇರುತ್ತದೆ, ದಯವಿಟ್ಟು ಅಲ್ಲಿ ಕೆಂಡ ಒಯ್ಯಬೇಡಿ. ಹುಡುಗಿಯ ಕೈಯಲ್ಲಿರುವ ಲಾಟೀನಿನೊಳಗೂ ಬ್ಯಾಟರಿಯ ಬೆಚ್ಚಗಿನ ಎಲ್‌ಇಡಿ ಇಡಿ.

ಆ ಲಾಟೀನಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮ್ಮ ದೃಶ್ಯದ ಜೀವ ಅದರಲ್ಲಿದೆ. ಚಿಕ್ಕ ದೀಪದ ಬೆಳಕು ದೂರ ಹೋದ ಹಾಗೆ ಬಹಳ ಬೇಗ ಬೀಳುತ್ತದೆ. ಒಂದು ಮೀಟರ್ ದೂರದಲ್ಲಿ ಇರುವಷ್ಟು ಬೆಳಕು ಎರಡು ಮೀಟರಿಗೆ ಕಾಲು ಭಾಗ, ಮೂರು ಮೀಟರಿಗೆ ಒಂಬತ್ತರಲ್ಲಿ ಒಂದು ಭಾಗ. ಅಂದರೆ ಹುಡುಗಿ ಲಾಟೀನು ಹಿಡಿದು ಒಂದೊಂದು ಹೆಜ್ಜೆ ಇಟ್ಟ ಹಾಗೆ ಯಕ್ಷಿಯ ಮುಖ ತಾನಾಗಿಯೇ ಬೆಳಕಿಗೆ ಬರುತ್ತಾ ಹೋಗುತ್ತದೆ. ಮೊದಲು ಕೆನ್ನೆಯ ಒಂದು ಗೆರೆ, ಆಮೇಲೆ ಮೂಗುಬೊಟ್ಟು, ಆಮೇಲೆ ಕಣ್ಣು. ದೂರ ಕಡಿಮೆಯಾಗುತ್ತಿರುವುದನ್ನು ನೀವು ಬೇರೆ ರೀತಿಯಲ್ಲಿ ತೋರಿಸುವ ಅಗತ್ಯವೇ ಇಲ್ಲ, ಲಾಟೀನು ತೋರಿಸುತ್ತದೆ. ಇನ್ನೊಂದು ಉಪಾಯ ಇದರಲ್ಲೇ ಇದೆ. ಹುಡುಗಿ ಏನನ್ನೋ ನೋಡಲು ಲಾಟೀನನ್ನು ಪಕ್ಕಕ್ಕೆ ತಿರುಗಿಸಿದರೆ ಯಕ್ಷಿ ಮತ್ತೆ ಕತ್ತಲಾಗುತ್ತಾಳೆ. ವಾಪಸ್ ತಿರುಗಿಸುವ ತನಕ ನೋಡುಗ ಉಸಿರು ಬಿಡುವುದಿಲ್ಲ. ಕತ್ತಲನ್ನು ಬಳಸಬೇಕಾದ ಜಾಗ ಇದು. ಮೊದಲು ತೋರಿಸಿ, ಆಮೇಲೆ ಕಿತ್ತುಕೊಳ್ಳಿ.

ಬಣ್ಣಕ್ಕೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕನ್ನು ಬಿಳಿ ಅಂತ ಹಿಡಿಯಬೇಕು ಅನ್ನುವ ಅಳತೆಯನ್ನು, 3200 ಕೆಲ್ವಿನ್‌ಗೆ ಇಡಿ. ಹಗಲಿನ ಬೆಳಕು ಸುಮಾರು 5600. ಹಾಗಾಗಿ ಗಾಜಿನ ಹೆಂಚಿನ ಬಿಸಿಲು ನೀಲಿಯಾಗಿ, ಬೆಳದಿಂಗಳ ಹಾಗೆ ಕಾಣುತ್ತದೆ. ಲಾಟೀನು ಬೆಚ್ಚಗೇ ಉಳಿಯುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ, ಸಿನಿಮಾದ ರಾತ್ರಿ ನೀಲಿ ಆಗಿರುವುದಕ್ಕೆ ಅದೂ ಒಂದು ಕಾರಣ. ಆದರೆ ಈಚೆಗೆ ನೀಲಿಯನ್ನು ಎಲ್ಲರೂ ಬಕೆಟ್‌ಗಟ್ಟಲೆ ಸುರಿಯುತ್ತಿದ್ದಾರೆ. 4000ದ ಆಸುಪಾಸು ಇಟ್ಟರೆ ನೀಲಿ ತುಸು ಹದವಾಗುತ್ತದೆ, ಎರಡೂ ಪರೀಕ್ಷೆ ಮಾಡಿ ನೋಡಿ.

ಫೋನಿನಲ್ಲಿ ತೆಗೆಯುವುದಾದರೆ ಎಕ್ಸ್‌ಪೋಶರ್ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಫೋನ್ ತಾನೇ ಕತ್ತಲನ್ನು ಬೆಳಗಿಸಲು ಹೋಗಿ ಇಡೀ ಅಟ್ಟವನ್ನು ಬೂದು ಮಾಡುತ್ತದೆ, ಲಾಟೀನು ಹತ್ತಿರ ಬಂದಾಗ ಥಟ್ಟನೆ ಕಪ್ಪು ಮಾಡುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಮನೆಯ ಬಲ್ಬು ಮಿಣುಕುವ ಕಾಟ ಇರುವುದಿಲ್ಲ. ಪೂರ್ತಿ ಕತ್ತಲಲ್ಲಿ ತೆಗೆಯುವುದು ಬೇಡ. ಸ್ವಲ್ಪ ಜಾಸ್ತಿ ಬೆಳಕಿನಲ್ಲಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ, ಬೆಳಕು ಹದ ಮಾಡುವ ಕಲರ್ ಗ್ರೇಡಿಂಗ್‌ನಲ್ಲಿ ಇಳಿಸಿ. ಕತ್ತಲಲ್ಲಿ ತೆಗೆದು ಆಮೇಲೆ ಏರಿಸಿದರೆ ಬರೀ ಕಾಳು ಕಾಳು ಸಿಗುತ್ತದೆ. ಮತ್ತೆ, ಚೌಕಟ್ಟಿನಲ್ಲಿ ಎಲ್ಲಾದರೂ ಒಂದು ಕಡೆ ಹೊಳೆಯುವ ವಸ್ತು ಇರಲಿ. ಹಿತ್ತಾಳೆ ಚೊಂಬು, ಲಾಟೀನಿನ ಗಾಜು, ಏನಾದರೂ. ಅದರ ಪಕ್ಕದಲ್ಲಿ ಇದ್ದಾಗ ಮಾತ್ರ ಕಪ್ಪು ಕಪ್ಪಾಗಿ ಕಾಣುತ್ತದೆ.

ಲೆನ್ಸ್ ಬಗ್ಗೆ ಎರಡು ಮಾತು ಸಾಕು. ಕ್ಯಾಮೆರಾ ಹತ್ತು ವರ್ಷದ ಹುಡುಗಿಯ ಕಣ್ಣಿನ ಎತ್ತರದಲ್ಲಿ ಇರಲಿ. ನಿಮ್ಮ ಎತ್ತರದಿಂದ ತೆಗೆದರೆ ಅಟ್ಟ ಒಂದು ಇಕ್ಕಟ್ಟು ಜಾಗ, ಅವಳ ಎತ್ತರದಿಂದ ಅದೊಂದು ಗುಹೆ. ಹುಡುಗಿ ಓಡಿ ಬರುವ ಶಾಟ್ ಇದ್ದರೆ ಅದನ್ನು ದೂರದಿಂದ, 85 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸಿನಲ್ಲಿ, ಎದುರಿನಿಂದ ತೆಗೆಯಿರಿ. ಉದ್ದ ಲೆನ್ಸ್‌ನಲ್ಲಿ ಹಿಂದು ಮುಂದಿನ ಜಾಗ ಒತ್ತಿ ಸೇರಿಸಿದ ಹಾಗೆ ಕಾಣುತ್ತದೆ. ಎಷ್ಟು ಓಡಿದರೂ ಅವಳು ಮುಂದೆ ಬಂದ ಹಾಗೆ ಅನಿಸುವುದಿಲ್ಲ, ಹಿಂದಿರುವವಳು ಬೆನ್ನಿಗೇ ಅಂಟಿದ ಹಾಗೆ ಕಾಣುತ್ತಾಳೆ.

ಕೊನೆಯಲ್ಲಿ ಯಕ್ಷಿ ಧುತ್ತೆಂದು ಬರುವ ಶಾಟ್ ಕೈಬಿಡಿ ಅನ್ನುವುದು ನನ್ನ ಸಲಹೆ. ಅದು ಒಂದು ಸಲ ಬೆಚ್ಚಿಬೀಳಿಸುತ್ತದೆ, ಎರಡನೇ ಸಲ ನೋಡಿದಾಗ ಏನೂ ಆಗುವುದಿಲ್ಲ. ಅದರ ಬದಲು ಅಟ್ಟದ ಒಂದು ಅಗಲವಾದ ಶಾಟ್ ತೆಗೆಯಿರಿ. ಮುಂದೆ ಹುಡುಗಿ ಮಂಡಿಯೂರಿ ಪೆಟ್ಟಿಗೆಯ ಚಿಲಕ ಎಳೆಯುತ್ತಿದ್ದಾಳೆ. ಹಿಂದೆ, ಸ್ವಲ್ಪ ಮಸುಕಾಗಿ, ಆ ಬೆಳಕಿನ ಕೋಲು. ಅಷ್ಟು ಹೊತ್ತು ಅಲ್ಲಿ ಕೂತಿದ್ದವಳು ಈಗ ಮೆಲ್ಲಗೆ ಎದ್ದು ನಿಲ್ಲುತ್ತಾಳೆ. ಕಟ್ ಮಾಡಬೇಡಿ. ಕ್ಲೋಸಪ್‌ಗೆ ಹೋಗಬೇಡಿ. ಚಿಲಕ ಬರುತ್ತಿಲ್ಲ, ಅವಳು ಎಳೆಯುತ್ತಲೇ ಇದ್ದಾಳೆ. ಯಾವಾಗ ಕಟ್ ಮಾಡಬೇಕು ಅನ್ನುವುದು ಎಡಿಟಿಂಗ್ ಮೇಜಿನ ಮೇಲೆ ಗೊತ್ತಾಗುತ್ತದೆ, ಅದಕ್ಕಾಗಿ ಶೂಟಿಂಗಿನಲ್ಲಿ ಶಾಟನ್ನು ಬೇಕಾದ್ದಕ್ಕಿಂತ ಉದ್ದವಾಗಿಯೇ ತೆಗೆದಿಟ್ಟುಕೊಳ್ಳಿ. ಪಾತ್ರ ಮಾಡುವ ಮಗುವಿಗೆ ಹಿಂದೆ ಏನು ನಡೆಯುತ್ತದೆ ಅಂತ ಮೊದಲೇ ಹೇಳಿ, ಯಕ್ಷಿಯ ವೇಷ ತೋರಿಸಿ, ಆ ನಟಿಯ ಜೊತೆ ಕೂತು ತಿಂಡಿ ತಿನ್ನಲು ಬಿಡಿ. ನಿಜವಾಗಿ ಹೆದರಿದ ಮಗು ಚಿಲಕ ಎಳೆಯುವುದಿಲ್ಲ, ಅಳುತ್ತದೆ. ಸುಮ್ನೆ ಮಗುವನ್ನು ಹೆದರಿಸಿ ತೆಗೆದ ಯಾವ ಶಾಟೂ ನನಗೆ ಬೇಡ.

ಶಬ್ದದ ಬಗ್ಗೆ ನೀವು ಕೇಳಿಲ್ಲ. ಸಂಗೀತ ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಕತ್ತರಿಸಿದ ದೃಶ್ಯವನ್ನು ಶಬ್ದ ಪೂರ್ತಿ ನಿಲ್ಲಿಸಿ, ಕಥೆ ಗೊತ್ತಿಲ್ಲದ ಯಾರಿಗಾದರೂ ತೋರಿಸಿ. ಮಧ್ಯದಲ್ಲಿ ತಡೆದು, ‘ಯಕ್ಷಿ ಈಗ ಎಲ್ಲಿದ್ದಾಳೆ, ಕೈ ಮಾಡಿ ತೋರಿಸಿ’ ಅನ್ನಿ. ಅವರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರೆ ಸಂಗೀತದವರನ್ನು ಕರೆಯಿರಿ. ತಡಕಾಡಿದರೆ, ಮತ್ತೊಂದು ದಿನ ಅಟ್ಟ ಹತ್ತಿ ಆ ಅಗಲವಾದ ಶಾಟನ್ನು ಇನ್ನೊಮ್ಮೆ ತೆಗೆಯಿರಿ.